ಬಂಪರಿನ ಹಿಂದಿನ ಕೆಂಪು

ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದಾಗ ನಾನು ಮುಂದಿನ ಗಾಡಿಯ ಹಿಂಭಾಗ ನೋಡುತ್ತಾ ನಿಲ್ಲುತ್ತೇನೆ. ಹದಿನೈದು ವರ್ಷ ದಾಟಿದ ಕಾರುಗಳಲ್ಲಿ ಬಂಪರ್ ನೆಟ್ಟಗಿರೋದು ಕಡಿಮೆ. ಒಂದು ಮೂಲೆ ಇಳಿದಿರುತ್ತದೆ, ಚಕ್ರದ ಹತ್ತಿರ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ, ಬಿರುಕು ಬಿಟ್ಟ ಕಡೆ ಸಣ್ಣ ತೂತು ಕೊರೆದು ತಂತಿಯಲ್ಲಿ ಬಿಗಿದಿರುತ್ತಾರೆ. ಕೇಳಿದರೆ "ಬಂಪರ್ ತಾನೇ, ಬಿಡ್ರಿ, ಇಂಜಿನ್ ಚಲೋ ಐತೆ" ಅನ್ನುತ್ತಾರೆ. ಇದಕ್ಕೆ ಪೂರ್ತಿ ಉಲ್ಟಾ ಇರುವವರೂ ಇದ್ದಾರೆ. ಸಣ್ಣ ಗೀರು ಬಿದ್ದರೂ ಅವರಿಗೆ ನಿದ್ದೆ ಬರಲ್ಲ, ಮಾರನೇ ದಿನವೇ ಪೇಂಟಿಂಗ್‌ಗೆ ಬಿಡುತ್ತಾರೆ. ಆದರೆ ಇಬ್ಬರೂ ನೋಡೋದು ಹೊರಗಿನ ಪ್ಲಾಸ್ಟಿಕ್ ಅಷ್ಟೇ. ಅದರ ಹಿಂದೆ ಏನಿದೆ, ಹೇಗಿದೆ ಅಂತ ನೋಡಿದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ. ನಮ್ಮ ಊರಿನ ಗಾಡಿಗಳಿಗೆ ಇದು ಚಿಕ್ಕ ವಿಷಯ ಅಲ್ಲ ಅಂತ ನನಗೆ ಬಲವಾಗಿ ಅನಿಸಿದೆ.

ನಮ್ಮ ಕಾರು 2006ರದ್ದು. ಅಂದರೆ ಕಬ್ಬಿಣದ ಅದಿರು ಲಾರಿಗಳ ಕಾಲದ ಕಾರು. ಆಗ ಹೊಸಪೇಟೆ ರಸ್ತೆಯಲ್ಲಿ, ಸಂಡೂರಿನ ದಾರಿಯಲ್ಲಿ ಓಡಾಡಿದವರಿಗೆ ನಾನು ಹೊಸದಾಗಿ ಹೇಳೋದು ಏನೂ ಇಲ್ಲ. ಅದಿರಿನ ಧೂಳಿಗೆ ಬೇವಿನ ಎಲೆ ಕೆಂಪಾಗಿರುತ್ತಿತ್ತು, ಒಣಗಲು ಹಾಕಿದ ಬಿಳಿ ಪಂಚೆ ಕೆಂಪಾಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ ಈ ಕಾರು ಆ ಧೂಳಿನಲ್ಲೇ ಓಡಿದೆ. ಆಮೇಲೂ ಓಡಿದೆ, ಧೂಳು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಕಾರನ್ನು ಮೇಲಿಂದ ಎಷ್ಟೋ ಸಲ ತೊಳೆದಿದ್ದೇವೆ. ಬಂಪರಿನ ಹಿಂದಕ್ಕೆ ಮಾತ್ರ ಯಾರ ಕೈಯೂ ಹೋಗಿರಲಿಲ್ಲ.

ಕಪ್ಪಗಲ್ ರಸ್ತೆಯಲ್ಲಿ ಒಂದು ಗೂಡ್ಸ್ ಗಾಡಿ ಹಿಂದಿನಿಂದ ತಾಗಿತು. ಜೋರಾಗೇನೂ ಅಲ್ಲ. ಬಂಪರ್ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬಂತು, ಎಡ ಮೂಲೆಯಲ್ಲಿ ಬಿರುಕು ಉಳಿಯಿತು. ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದೆ. ಹೊಸ ಬಂಪರ್, ಪೇಂಟಿಂಗ್, ಲೇಬರ್ ಅಂತ ಎಸ್ಟಿಮೇಟ್ ಬರೆದುಕೊಟ್ಟರು. "ಒಳಗೆ ಲೋಹದ ಅಡ್ಡಪಟ್ಟಿಗೆ, ಬೀಮ್‌ಗೆ, ಏನಾದರೂ ಆಗಿದೆಯಾ ನೋಡ್ತೀರಾ?" ಅಂತ ಕೇಳಿದೆ. "ಒಳಗೇನಿರ್ತದೆ ಸರ್" ಅಂದರು. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಬಿಚ್ಚಿ ನಾವೇ ನೋಡೋಣ ಅಂತ ಗಾಡಿ ಮನೆಗೆ ತಂದೆ.

ಪ್ಲಾಸ್ಟಿಕ್ ಮೊದಲಿನಂತಾಗುತ್ತದೆ, ಬೀಮ್ ಆಗಲ್ಲ

ದೊಡ್ಡಪ್ಪನ ಹತ್ತಿರ ಅಂಬಾಸಡರ್ ಇತ್ತು. ಅದರ ಬಂಪರ್ ಕ್ರೋಮ್ ಹಾಕಿದ ಗಟ್ಟಿ ಸ್ಟೀಲು. ಹಬ್ಬದ ದಿನ ಅದರಲ್ಲಿ ಮುಖ ನೋಡಿಕೊಂಡು ನಾವು ಮಕ್ಕಳು ವಿಭೂತಿ ಸರಿಮಾಡಿಕೊಳ್ಳುತ್ತಿದ್ದೆವು. ಎಲ್ಲಾದರೂ ಗುದ್ದಿದರೆ ಬಂಪರ್ ಸೊಟ್ಟಗಾಗುತ್ತಿತ್ತು, ಸೊಟ್ಟಗಾಗಿದ್ದು ಎದ್ದು ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ, ಮರದ ದಿಮ್ಮಿ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು, ಮತ್ತೆ ಹಾಕುತ್ತಿದ್ದರು. ಅಲ್ಲಿ ಮುಚ್ಚಿಟ್ಟದ್ದು ಅಂತ ಏನೂ ಇರಲಿಲ್ಲ. ಬಂಪರ್ ಅಂದರೆ ಅದೇ, ಅದರ ಹಿಂದೆ ಇನ್ನೊಂದು ಇರಲಿಲ್ಲ.

ಪ್ಲಾಸ್ಟಿಕ್ ಬಂಪರ್ ಬಂದ ಮೇಲೆ ಇದು ಬದಲಾಯಿತು. ಫ್ರಾನ್ಸಿನ ರೆನೋ 5 ಕಾರು 1972ರಲ್ಲಿ ಪ್ಲಾಸ್ಟಿಕ್ ಬಂಪರ್ ಹಾಕಿಕೊಂಡು ಬಂತು. ನಿಧಾನಕ್ಕೆ ಎಲ್ಲಾ ಕಡೆ ಅದೇ ಆಯಿತು. ಈಗ ನಾವು ಬಂಪರ್ ಅಂತ ಕರೆಯೋದು ನಿಜವಾಗಿ ಒಂದು ಹೊದಿಕೆ, ಹೆಚ್ಚಾಗಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು. ಪೆಟ್ಟು ತಡೆಯುವ ಕೆಲಸ ಮಾಡೋದು ಅದರ ಹಿಂದೆ ಅಡ್ಡಕ್ಕೆ ಕೂತ ಲೋಹದ ಬೀಮ್. ಕೆಲವು ಕಾರಿನಲ್ಲಿ ನಡುವೆ ಗಟ್ಟಿ ಥರ್ಮೊಕೋಲ್ ಥರದ ಫೋಮ್ ಇರುತ್ತದೆ. ಕೆಲವು ಹಳೇ ಸಣ್ಣ ಕಾರುಗಳಲ್ಲಿ ಹಿಂದೆ ಬೀಮ್ ತೀರಾ ತೆಳ್ಳಗೆ, ಇದ್ದೂ ಇಲ್ಲದಂತೆ. ಪ್ಲಾಸ್ಟಿಕ್‌ಗೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವ ಗುಣ ಇದೆ. ಲೋಹಕ್ಕೆ ಒಂದು ಮಿತಿ ದಾಟಿದ ಮೇಲೆ ಆ ಗುಣ ಇಲ್ಲ. ಹಾಗಾಗಿ ಹಿಂದಿನಿಂದ ತಾಗಿದ ಕಾರು ಹೊರಗಿನಿಂದ ಸರಿಯಾಗೇ ಕಾಣಬಹುದು. ಒಳಗೆ ಬೀಮ್ ಬಾಗಿರಬಹುದು, ಡಿಕ್ಕಿಯ ನೆಲದ ಶೀಟ್ ಮಡಿಚಿರಬಹುದು, ಎರಡು ಶೀಟ್ ಸೇರುವ ಜಾಗದಲ್ಲಿ ನೀರು ಹೋಗದಂತೆ ಹಚ್ಚಿದ ಸೀಲರ್ ಬಿಟ್ಟುಕೊಂಡಿರಬಹುದು. ಬಿಚ್ಚದೆ ಇದು ಗೊತ್ತಾಗಲ್ಲ. ಹೊಸ ಪ್ಲಾಸ್ಟಿಕ್ ತಂದು ಅದರ ಮೇಲೆ ಹಾಕಿದರೆ ಇನ್ನೂ ಹತ್ತು ವರ್ಷ ಗೊತ್ತಾಗಲ್ಲ.

ಚಾಚಾ ಹೇಳಿದ ಕ್ರಮ

ಕೆಲಸ ಶುರು ಮಾಡುವ ಮೊದಲು ಕೌಲ್ ಬಜಾರ್‌ನಲ್ಲಿ ಟಿಂಕರಿಂಗ್ ಕೆಲಸ ಮಾಡುವ ಒಬ್ಬ ಹಿರಿಯರನ್ನು ಕೇಳಿಕೊಂಡು ಬಂದೆ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯೋದು. ಅವರು ಆಗ ಒಂದು ವ್ಯಾನಿನ ಬಾಗಿಲಿಗೆ ಪುಟ್ಟಿ ಹಚ್ಚುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ ಪುಟ್ಟಿ ಹತ್ತಿದ ಬೆರಳಲ್ಲೇ ನೆಲದ ಮೇಲೆ ಬಂಪರಿನ ಗೆರೆ ಎಳೆದು ಒಂದೊಂದು ಜಾಗ ತೋರಿಸಿದರು. "ಮೊದ್ಲು ಲೈಟ್ ಬಿಚ್ರಿ. ಲೈಟಿನ ಹಿಂದ ಬೋಲ್ಟ್ ಐತಾ ನೋಡ್ರಿ. ಆಮ್ಯಾಗ ಚಕ್ರದ ಹತ್ರ ಸ್ಕ್ರೂ. ಆಮ್ಯಾಗ ಕೆಳಗ ಕ್ಲಿಪ್ಪು. ಎಲ್ಲಾ ಬಿಚ್ಚಿದ ಮ್ಯಾಗೂ ಬರ್ಲಿಲ್ಲ ಅಂದ್ರ ಇನ್ನೊಂದು ಎಲ್ಲೋ ಐತಿ ಅಂತ ಅರ್ಥ. ಜೋರು ಮಾಡಬ್ಯಾಡ್ರಿ, ಲಾಕ್ ಮುರಿತಾವ." ದುಡ್ಡು ಕೊಡಲು ಹೋದರೆ ತೊಗೊಳ್ಳಲಿಲ್ಲ. ಟೀ ಮಾತ್ರ ಕುಡಿದರು.

ಈ ಕ್ರಮದಲ್ಲಿ ದೊಡ್ಡ ತಿಳುವಳಿಕೆ ಇದೆ. ಬಂಪರ್ ಬಿಚ್ಚುವ ಕೆಲಸದಲ್ಲಿ ಎಳೆಯೋದು ಕೊನೆಗೆ, ಅದೂ ಸ್ವಲ್ಪ ಹೊತ್ತಿನದು. ಉಳಿದದ್ದೆಲ್ಲಾ ಹುಡುಕೋದು. ಕಂಪನಿಯವರು ಸ್ಕ್ರೂ ಕಾಣಬಾರದು ಅಂತಲೇ ಎಲ್ಲವನ್ನೂ ಮರೆಯಲ್ಲಿ ಇಟ್ಟಿರುತ್ತಾರೆ. ಜಾಗ ಕಾರಿನಿಂದ ಕಾರಿಗೆ ಬೇರೆ, ಆದರೆ ಮರೆಮಾಡುವ ರೀತಿ ಹೆಚ್ಚು ಕಡಿಮೆ ಒಂದೇ: ಟೈಲ್ ಲ್ಯಾಂಪ್ ಹಿಂದೆ, ಡಿಕ್ಕಿಯ ರಬ್ಬರ್ ಪಟ್ಟಿ ಕೆಳಗೆ, ಚಕ್ರದ ಕಮಾನಿನ ಅಂಚಿನಲ್ಲಿ, ಬಂಪರಿನ ತಳದಲ್ಲಿ. ಕೆಲವದರಲ್ಲಿ ಡಿಕ್ಕಿಯ ಒಳಗಿನ ಹೊದಿಕೆ ಸರಿಸಿದರೆ ನಟ್ ಸಿಗುತ್ತದೆ.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಶುರು ಮಾಡಿದೆವು. ನಮ್ಮ ಬಿಸಿಲಿಗೆ ಮಧ್ಯಾಹ್ನ ಶೀಟ್ ಮುಟ್ಟಲೂ ಆಗಲ್ಲ, ಜೊತೆಗೆ ಸೈಲೆನ್ಸರ್ ಪೈಪ್ ಕೈಗೆ ತೀರಾ ಹತ್ತಿರ ಇರುತ್ತದೆ. ಅದು ಪೂರ್ತಿ ತಣ್ಣಗಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ತೆಗೆದೆವು. ನಂಬರ್ ಪ್ಲೇಟ್ ಲೈಟಿನ ವೈರ್ ಬಂಪರ್ ಜೊತೆ ಬರುತ್ತದಲ್ಲ, ಅದಕ್ಕೆ. ಜಾಕ್ ಹಾಕಲಿಲ್ಲ, ಬೇಕಾಗಿಯೂ ಇರಲಿಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು ಅಂತ ನಾನು ಅಕ್ಕನ ಮಗನಿಗೆ ಮೊದಲೇ ಹೇಳಿದ್ದೆ. ಅವನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾನೆ. ಈ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕೇ ಬೇಕು.

ಚಕ್ರದ ಕಮಾನಿನ ಸ್ಕ್ರೂಗಳೇ ಹೆಚ್ಚು ಹೊತ್ತು ಹಿಡಿದವು. ಮಣ್ಣು ಕೂತು ಸ್ಕ್ರೂ ತಲೆಯ ಗೀಟು ಮುಚ್ಚಿಹೋಗಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ಬಿಡಿಸಿ, ಬಿಗಿದ ಸ್ಕ್ರೂ ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು, ಟೀ ಕುಡಿದು ಬರುವ ತನಕ ಬಿಟ್ಟೆವು. ಆಮೇಲೆ ಗೀಟಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಹಿಂದಿನಿಂದ ಒತ್ತಿ ಹಿಡಿದು ತಿರುಗಿಸಿದೆವು. ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಉರುಟಾಗಿಬಿಡುತ್ತದೆ, ಆಮೇಲೆ ಡ್ರಿಲ್ ಮಾಡೋದೇ ದಾರಿ. ಉಳಿದ ಬೋಲ್ಟ್‌ಗಳು 10 ನಂಬರ್ ಸ್ಪ್ಯಾನರ್‌ನವು. ತಳದ ಪ್ಲಾಸ್ಟಿಕ್ ಕ್ಲಿಪ್‌ಗಳಲ್ಲಿ ನಡುವಿನ ಪಿನ್ ಮೊದಲು ಮೇಲೆತ್ತಬೇಕು, ಆಗ ಕಾಲುಗಳು ಸಡಿಲಾಗಿ ಪೂರ್ತಿ ಕ್ಲಿಪ್ ಈಚೆ ಬರುತ್ತದೆ. ಹಳೇ ಕ್ಲಿಪ್ ಬಿಸಿಲಿಗೆ ಒಣಗಿ ಪುಡಿಯಾಗುತ್ತವೆ. ಅವು ಮುರಿದರೆ ಬೇಜಾರು ಬೇಡ. ಒಂದನ್ನು ಸ್ಯಾಂಪಲ್ ಹಿಡಿದುಕೊಂಡು ಆಟೊಮೊಬೈಲ್ಸ್ ಅಂಗಡಿಗೆ ಹೋದರೆ ಅದೇ ಸೈಜಿನದು ಸಿಗುತ್ತದೆ.

ಅಕ್ಕನ ಮಗ ಒಂದು ಒಳ್ಳೆಯ ಕೆಲಸ ಮಾಡಿದ. ದೊಡ್ಡ ರಟ್ಟಿನ ಮೇಲೆ ಬಂಪರ್ ಚಿತ್ರ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದು ಬಂದ ಜಾಗಕ್ಕೇ ಚುಚ್ಚಿಟ್ಟ. ಯಾವುದು ಉದ್ದ, ಯಾವುದು ಗಿಡ್ಡ ಅನ್ನೋದು ಹಾಕುವಾಗ ತುಂಬಾ ಮುಖ್ಯ. ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿದರೆ ಒಳಗಿನ ಶೀಟ್‌ಗೆ ತಾಗುತ್ತದೆ.

ಕೊನೆಗೆ ಬದಿಗಳು. ಬಂಪರಿನ ಎರಡೂ ತುದಿ ಚಕ್ರದ ಹಿಂದೆ ಒಂದು ಬ್ರಾಕೆಟ್‌ನಲ್ಲಿ ಸಿಕ್ಕಿಕೊಂಡಿರುತ್ತವೆ. ಪಕ್ಕದ ಬಾಡಿಗೆ ಗೀರು ಬೀಳದ ಹಾಗೆ ಟೇಪ್ ಅಂಟಿಸಿ, ಮೊದಲು ತುದಿಯನ್ನು ಪಕ್ಕಕ್ಕೆ ಎಳೆದು ಬಿಡಿಸಿದೆವು. ಟಕ್ ಟಕ್ ಅಂತ ಒಂದೊಂದೇ ಲಾಕ್ ಬಿಟ್ಟಿತು. ಆ ಕಡೆ ಅವನು, ಈ ಕಡೆ ನಾನು, ನಿಧಾನಕ್ಕೆ ಹಿಂದಕ್ಕೆ ಸರಿಸಿ, ನಡುವೆ ನಿಲ್ಲಿಸಿ ವೈರಿನ ಕನೆಕ್ಟರ್ ಒತ್ತಿ ಬಿಡಿಸಿದೆವು. ಅಮ್ಮನ ಹಳೇ ಕೌದಿಯ ಮೇಲೆ ಬಂಪರ್ ಮಲಗಿಸಿದೆವು. ನೋಡಲು ಅಷ್ಟು ದೊಡ್ಡದು, ಎತ್ತಿದರೆ ಏನೂ ತೂಕ ಇಲ್ಲ.

ಮೂರು ಕೆಂಪು

ಹಿಂದೆ ಎಲ್ಲಾ ಕೆಂಪು. ಬೀಮ್ ಮೇಲೆ, ಡಿಕ್ಕಿಯ ತಳದ ಅಂಚಿನಲ್ಲಿ, ಎರಡು ಶೀಟ್ ಸೇರುವ ಸಂದಿನಲ್ಲಿ, ಎಲ್ಲಾ ಕಡೆ ದಪ್ಪಗೆ ಕೂತ ಕೆಂಪು. ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಅದೂ ಅದೇ ಕೆಂಪು. ಅಕ್ಕನ ಮಗ ಬಗ್ಗಿ ನೋಡಿ, "ಮಾಮಾ, ಇದು ತುಕ್ಕಾ, ಧೂಳಾ?" ಅಂದ.

ಬೇರೆ ಎಷ್ಟೋ ಊರಿನಲ್ಲಿ ಈ ಪ್ರಶ್ನೆ ಬರಲ್ಲ. ಅಲ್ಲಿ ಧೂಳು ಬೂದು, ತುಕ್ಕು ಕೆಂಪು, ನೋಡಿದ ಕೂಡಲೇ ಬೇರೆ ಬೇರೆ. ನಮ್ಮಲ್ಲಿ ಎರಡೂ ಒಂದೇ ಬಣ್ಣ, ಯಾಕೆಂದರೆ ಎರಡೂ ಹತ್ತಿರದ ಬಳಗ. ಸಂಡೂರಿನ ಬೆಟ್ಟಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ್ದು. ತುಕ್ಕು ಕೂಡ ಅದೇ, ಜೊತೆಗೆ ನೀರಿನ ಅಂಶ ಸೇರಿರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಈ ಅದಿರಿನಿಂದ ಆಮ್ಲಜನಕ ಬೇರೆ ಮಾಡಿ ಕಬ್ಬಿಣ ತೆಗೆಯುತ್ತಾರೆ, ಕಾರಿನ ಬಾಡಿಗೆ ಹಾಕುವ ಶೀಟ್ ಕೂಡ ಅಲ್ಲಿ ತಯಾರಾಗುತ್ತದೆ. ಅಷ್ಟು ದೊಡ್ಡ ಕುಲುಮೆ ಉರಿಸಿ ಬೇರೆ ಮಾಡಿದ್ದನ್ನು ನೀರು ಮತ್ತು ಗಾಳಿ ಸದ್ದಿಲ್ಲದೆ ಮತ್ತೆ ಕೂಡಿಸುತ್ತವೆ. ಗುಡ್ಡದಿಂದ ಬಂದ ಕೆಂಪು ಹೊರಗೆ ಕೂತಿದೆ, ಶೀಟಿನಿಂದ ಹುಟ್ಟಿದ ಕೆಂಪು ಅದರ ಕೆಳಗೆ ಇದೆ. ಮೇಲಿನದು ಕೆಳಗಿನದನ್ನು ಮುಚ್ಚಿಬಿಡುತ್ತದೆ.

ಹಾಗಾಗಿ ಒರೆಸಿ ನೋಡಬೇಕು. ಒದ್ದೆ ಬಟ್ಟೆ ಕೊಟ್ಟೆ. ಬೀಮ್ ಮೇಲಿನ ಕೆಂಪು ಬಟ್ಟೆಗೆ ಬಂತು, ಕೆಳಗೆ ಕಂಪನಿಯ ಕಪ್ಪು ಬಣ್ಣ ಹಾಗೇ ಇತ್ತು. ಅದು ಧೂಳು. ಬೀಮ್ ಎಡಗಡೆ ಸ್ವಲ್ಪ ಒಳಗೆ ಬಾಗಿತ್ತು, ಗೂಡ್ಸ್ ಗಾಡಿ ತಾಗಿದ ಜಾಗದಲ್ಲೇ. "ಒಳಗೇನಿರ್ತದೆ" ಅನ್ನುವ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತು. ಆಮೇಲೆ ಡಿಕ್ಕಿಯ ತಳದ ಅಂಚು. ಬಲಗಡೆ ಪೂರ್ತಿ ಸ್ವಚ್ಛವಾಯಿತು. ಎಡ ಮೂಲೆಯಲ್ಲಿ ಎಷ್ಟು ಒರೆಸಿದರೂ ಕೆಂಪು ಹೋಗಲಿಲ್ಲ. ಬೆರಳು ಆಡಿಸಿದರೆ ತರಿತರಿ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿದರೆ ಒಂದು ಚಕ್ಕೆ ಎದ್ದು ಬಂತು. ಬೇರೆ ಕಡೆ ಟಣ್ ಅನ್ನುವ ಶೀಟ್ ಅಲ್ಲಿ ದಪ್ ಅಂದಿತು. ಅಲ್ಲಿ ಸೀಲರ್ ಒಣಗಿ ಬಿರುಕು ಬಿಟ್ಟಿತ್ತು, ಬಿರುಕಿನ ಒಳಗೆ ಧೂಳು ತುಂಬಿತ್ತು.

ನಮ್ಮ ಕಡೆ ಮಳೆ ಕಡಿಮೆ, ಗಾಡಿಗೆ ತುಕ್ಕು ಹಿಡಿಯಲ್ಲ ಅನ್ನೋದು ಬಳ್ಳಾರಿಯವರ ನಂಬಿಕೆ. ಕರಾವಳಿಗೆ ಹೋಲಿಸಿದರೆ ಅದು ನಿಜವೇ. ಅದಿರಿನ ಧೂಳು ತಾನಾಗಿ ತುಕ್ಕು ಹಿಡಿಸೋದೂ ಇಲ್ಲ, ಅದು ಆಗಲೇ ಆಮ್ಲಜನಕ ಕೂಡಿಕೊಂಡು ಮುಗಿದ ವಸ್ತು. ಕೆಡಿಸೋದು ಅದು ಹಿಡಿದಿಟ್ಟುಕೊಳ್ಳುವ ನೀರು. ಸಂದಿನಲ್ಲಿ ಗಟ್ಟಿಯಾಗಿ ಕೂತ ಧೂಳಿಗೆ ನೀರು ತಾಗಿದರೆ ಬೇಗ ಒಣಗಲ್ಲ. ಮೇಲೆ ಎಲ್ಲಾ ಒಣಗಿ ಗರಿಗರಿ ಆದರೂ ಒಳಗೆ ತೇವ ಉಳಿದಿರುತ್ತದೆ. ಜೊತೆಗೆ ನಾವು ಗಾಡಿ ತೊಳೆಯೋದು ಬೋರ್ ನೀರಿನಲ್ಲಿ. ನಮ್ಮ ಏರಿಯಾದ ಬೋರ್ ನೀರು ಉಪ್ಪು, ಬಕೆಟ್ ಅಂಚಿಗೆ ಬಿಳಿ ಕಟ್ಟುವಷ್ಟು. ಉಪ್ಪಿದ್ದರೆ ತುಕ್ಕು ಇನ್ನೂ ಜೋರು. ಅಂದರೆ ಕಾಳಜಿಯಿಂದ ತೊಳೆದ ನೀರೇ ಹಿಂದೆ ಹೋಗಿ ಕೂತಿದೆ. ಬಂಪರ್ ಬಿಚ್ಚಿ ಆ ಮಣ್ಣು ಕೆದಕಿ ತೆಗೆಯದೆ ಮೇಲೆ ಎಷ್ಟು ಪಾಲಿಶ್ ಮಾಡಿದರೂ ಆ ಮೂಲೆ ಉಳಿಯಲ್ಲ.

ಮೂರನೆಯ ಕೆಂಪು ನಾವೇ ತಂದಿದ್ದು. ವೈರ್ ಬ್ರಷ್ ಮತ್ತು ಮರಳು ಕಾಗದದಿಂದ ಚಕ್ಕೆ ಎಲ್ಲಾ ತೆಗೆದು, ಬಿಳಿ ಲೋಹ ಕಾಣುವ ತನಕ ಉಜ್ಜಿದೆವು. ಕೈ ಹೋಗದ ಸಂದಿಗೆ ರಸ್ಟ್ ಕನ್ವರ್ಟರ್ ಹಚ್ಚಿದೆವು. ಅದರಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ಉಳಿದ ತುಕ್ಕನ್ನು ಕಪ್ಪು ಪದರ ಮಾಡುತ್ತದೆ. ಕೈಗೆ ಗ್ಲೌಸ್ ಬೇಕು, ಕಣ್ಣಿಗೆ ಕನ್ನಡಕ ಬೇಕು. ಅದು ಒಣಗಿದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್. ಮನೆ ಗೇಟಿಗೆ, ಕಿಟಕಿ ಸರಳಿಗೆ ಹೊಡೆಯುತ್ತೇವಲ್ಲ, ಅದೇ. ಅದಕ್ಕೆ ಆ ಬಣ್ಣ ಬರೋದು ಕಬ್ಬಿಣದ ಆಕ್ಸೈಡ್‌ನಿಂದ. ತುಕ್ಕು ತಡೆಯಲು ಹಚ್ಚುವ ಬಣ್ಣದಲ್ಲೂ ನಮ್ಮ ಗುಡ್ಡದ ವಸ್ತುವೇ ಇದೆ ಅಂತ ಹೇಳಿದಾಗ ಅಕ್ಕನ ಮಗ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ. ಅವನ ಪುಸ್ತಕದಲ್ಲಿ ಇದೆಲ್ಲಾ ಇದೆ. ಬೆರಳಿಗೆ ಹತ್ತಿದ್ದು ಅವತ್ತೇ ಮೊದಲು.

ಬಾಗಿದ ಬೀಮ್ ಬಿಚ್ಚಿ ಚಾಚಾ ಹತ್ತಿರ ಒಯ್ದೆ. ತಿರುಗಿಸಿ ನೋಡಿ, ಬಡಿದು ನೇರ ಮಾಡಬಹುದು, ಆದರೆ ಒಂದು ಸಲ ಮಡಿಚಿದ ಜಾಗಕ್ಕೆ ಮೊದಲಿನ ಬಲ ಬರಲ್ಲ ಅಂದರು. ಹಳೇ ಗಾಡಿಯ ಸಾಮಾನು ಮಾರುವ ಕಡೆ ಅದೇ ಮಾಡೆಲ್‌ನ ನೇರ ಬೀಮ್ ಸಿಕ್ಕಿತು. ಡಿಕ್ಕಿಯ ಎಡ ಮೂಲೆಗೆ ಸಣ್ಣ ತುಂಡು ವೆಲ್ಡ್ ಮಾಡೋದು ಬಾಕಿ ಇದೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ.

ಡಿಕ್ಕಿಯ ಧೂಳಿನ ದಾರಿ

ಇನ್ನೊಂದು ವಿಷಯ ಹೇಳಲೇಬೇಕು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ಡಿಕ್ಕಿಯಲ್ಲಿ ಯಾವಾಗಲೂ ತೆಳ್ಳಗೆ ಕೆಂಪು ಧೂಳು. ಬಾಗಿಲಿನ ರಬ್ಬರ್ ಬದಲಾಯಿಸಿದರೂ ನಿಲ್ಲಲಿಲ್ಲ. ಸಂಡೂರು ಕಡೆ ಹೋಗಿ ಬಂದರೆ ಡಿಕ್ಕಿಯಲ್ಲಿಟ್ಟ ಬ್ಯಾಗಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು.

ಬಂಪರ್ ತೆಗೆದಾಗ ಮೂಲೆಯಲ್ಲಿ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಚೌಕಟ್ಟು ಕಂಡಿತು. ಅದಕ್ಕೆ ತೆಳ್ಳನೆ ರಬ್ಬರ್ ಪಟ್ಟಿಗಳು. ಕಾರಿನ ಒಳಗಿನ ಗಾಳಿ ಹೊರಗೆ ಹೋಗುವ ದಾರಿ ಅದು. ಎಲ್ಲಾ ಗಾಜು ಏರಿಸಿ ಬಾಗಿಲು ಹಾಕಿದಾಗ ಒಳಗಿನ ಗಾಳಿಗೆ ಹೋಗಲು ಜಾಗ ಬೇಕು. ಇಲ್ಲದಿದ್ದರೆ ಕಿವಿ ಗುಂಯ್ ಅನ್ನುತ್ತದೆ, ಬಾಗಿಲು ಸರಿಯಾಗಿ ಕೂರಲ್ಲ. ಈ ರಬ್ಬರ್ ಪಟ್ಟಿ ಹೊರಕ್ಕೆ ಮಾತ್ರ ತೆರೆಯಬೇಕು. ನಮ್ಮದರಲ್ಲಿ ಅದು ಒಣಗಿ ಸೆಟೆದು ಅರ್ಧ ತೆರೆದೇ ನಿಂತಿತ್ತು. ಗಾಡಿ ಓಡುವಾಗ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಧೂಳು ಸುತ್ತಿ ಅಲ್ಲೇ ಬರುತ್ತದೆ. ತೆರೆದ ದಾರಿ ಸಿಕ್ಕರೆ ಒಳಗೆ ಬಾರದೆ ಇರುತ್ತದೆಯೇ? ಧೂಳು ಬರುವ ದಾರಿಯಲ್ಲಿ ಸೈಲೆನ್ಸರ್ ಹೊಗೆಯೂ ಬರಬಹುದು. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುತ್ತಾರೆ. ನನಗೆ ಬಂಪರ್ ಬಿರುಕಿಗಿಂತ, ಬಾಗಿದ ಬೀಮಿಗಿಂತ ಜಾಸ್ತಿ ತಲೆಗೆ ಹೊಕ್ಕಿದ್ದು ಇದು. ಪಟ್ಟಿ ಬದಲಾಯಿಸಿದೆವು. ಈಗ ಡಿಕ್ಕಿ ಸ್ವಚ್ಛ ಇದೆ.

ಬಂಪರಿಗೆ ಹೆದರಿ ಹಿಂದೆ ಮುಂದೆ ಕಬ್ಬಿಣದ ಪೈಪಿನ ಗಾರ್ಡ್ ಹಾಕಿಸುವವರ ಬಗ್ಗೆಯೂ ಒಂದು ಮಾತು. ಅಂಥ ಗಾರ್ಡ್ ನೇರ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಬೋಲ್ಟ್ ಆಗಿರುತ್ತದೆ. ಪೆಟ್ಟು ಬಿದ್ದರೆ ಬಾಗಿ ತಡೆದುಕೊಳ್ಳಬೇಕಾದ ಭಾಗಗಳನ್ನು ಬಿಟ್ಟು ಅದರ ಏಟು ನೇರ ಗಾಡಿಯ ಬಾಡಿಗೆ ಹೋಗುತ್ತದೆ, ಎದುರಿಗಿದ್ದ ಬೈಕಿನವರಿಗೆ, ನಡೆದು ಹೋಗುವವರಿಗೆ ಇನ್ನೂ ಅಪಾಯ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವು ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ, ಕ್ರಮ ತೊಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಆದರೂ ನಮ್ಮಲ್ಲಿ ಹಾಕಿಸುತ್ತಲೇ ಇದ್ದಾರೆ.

ಬಂಪರ್ ಮತ್ತೆ ಹಾಕೋದು ಬಿಚ್ಚಿದ್ದಕ್ಕಿಂತ ಸಲೀಸು. ಬಿರುಕನ್ನು ಒಳಗಿನಿಂದ ಬಿಸಿ ಮಾಡಿ ತೆಳು ಜಾಲರಿ ಕೂರಿಸಿ ಬೆಸೆದರು ಚಾಚಾ. ಪಾಲಿಪ್ರೊಪಿಲೀನ್ ಬಿಸಿಗೆ ಕರಗಿ ಕೂಡುತ್ತದೆ, ಸುಮ್ನೆ ಗಮ್ ಹಚ್ಚಿದರೆ ನಿಲ್ಲಲ್ಲ. ಹಾಕುವಾಗ ಎಲ್ಲಾ ಸ್ಕ್ರೂಗಳನ್ನೂ ಮೊದಲು ಸಡಿಲಾಗಿ ಕೂರಿಸಿ, ಎರಡೂ ಬದಿಯ ಸಂದು ಸಮ ಇದೆಯಾ ನೋಡಿ, ಆಮೇಲೆ ಬಿಗಿ ಮಾಡಬೇಕು. ಖಾಸಗಿ ಕಾರಿನ ರಿಜಿಸ್ಟ್ರೇಶನ್ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ನಮ್ಮಂಥ ಹಳೇ ಗಾಡಿ ಇಟ್ಟುಕೊಂಡವರು ಪ್ರತಿ ನವೀಕರಣದ ಮೊದಲು ಒಂದು ಸಲ ಹಿಂದಿನ ಬಂಪರ್ ಬಿಚ್ಚಿ ಮಣ್ಣು ತೆಗೆಯೋದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮನೆಯಲ್ಲಿ ಜಾಗ ಇಲ್ಲ, ಜೊತೆಗೆ ಕೈ ಇಲ್ಲ ಅನ್ನುವವರು ಇನ್ನೊಂದು ಮಾಡಬಹುದು. ಬಂಪರ್ ಪೇಂಟಿಂಗ್‌ಗೆ ಗಾಡಿ ಬಿಟ್ಟಾಗ, "ಬಿಚ್ಚಿದ ಮೇಲೆ ನನಗೊಂದು ಫೋನ್ ಮಾಡ್ರಿ, ಬಂದು ನೋಡ್ತೀನಿ" ಅಂತ ಹೇಳಿ ಬನ್ನಿ. ಹೋಗುವಾಗ ಒಂದು ಒದ್ದೆ ಬಟ್ಟೆ ತೊಗೊಂಡು ಹೋಗಿ.